ಅತ್ತೆಯ ಕೆನ್ನೆಯ ನುಣುಪು

ಕಾಡಿನ ನಡುವೆ ಹಸುರಾಗಿ, ಕುಂಕುಮದ ನಡುವೆ ಕೆಂಪಾಗಿ, ದೀಪ ಆರಿದ ಗರ್ಭಗುಡಿಯಲ್ಲಿ ಕಪ್ಪಾಗಿ ತೋರುತ್ತ, ತಾನು ಮಾತ್ರ ಯಾವ ಬಣ್ಣಕ್ಕೂ ಸಿಲುಕದೆ ನಿಂತಿರುವ ತಿಲಕಾರಣ್ಯದ ತಾಯಿ ಬನಶಂಕರಿಗೆ ಮೊದಲ ವಂದನೆ. ನೇಕಾರನ ಮಗ್ಗದ ಮೊದಲ ಎಳೆಯೂ ಅವಳದು, ಕಥೆ ಹೇಳುವವನ ಮೊದಲ ಮಾತೂ ಅವಳದು. ಆ ತಾಯಿ ಈ ನಾಲಗೆಯನ್ನು ತಿದ್ದಲಿ; ಕೇಳುವವರ ಕಿವಿಗೆ ಬೇಸರ ಬಾರದಂತೆ ಕಾಯಲಿ; ಕಥೆಯೊಳಗೆ ಬರಲಿರುವ ಮಸಿಯ ಯಂತ್ರಕ್ಕೂ ಕೊಂಚ ಸದ್ಬುದ್ಧಿಯನ್ನು ಕರುಣಿಸಲಿ.

ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಒಂದೊಂದಾಗಿ ತನ್ನ ಮಡಿಲಿಗೆ ಎಳೆದುಕೊಳ್ಳುತ್ತಿದ್ದ ವರ್ಷಗಳಲ್ಲಿ ಇಳಕಲ್ಲಿನಲ್ಲಿ ಬಾಬಣ್ಣನೆಂಬ ನೇಕಾರನಿದ್ದನು. ಅವನ ಹೆಂಡತಿ ರತ್ನವ್ವ. ಅವರ ಮನೆಯ ಪಡಸಾಲೆಯ ಮೂಡಣ ಗೋಡೆಯ ಮೇಲೆ ಬಾಬಣ್ಣನ ತಾಯಿ ಶಿವಗಂಗವ್ವನ ಭಾವಚಿತ್ರವಿತ್ತು. ಆಕೆ ದೇವರ ಪಾದ ಸೇರಿ ಬಹುಕಾಲವಾಗಿತ್ತು. ಬೆಳ್ಳಿಯ ಲೇಪವುಳ್ಳ ಕಾಗದವನ್ನು ಬೆಳಕಿಗೆ ಒಡ್ಡಿ, ಕತ್ತಲೆಯ ಕೋಣೆಯಲ್ಲಿ ರಸಾಯನದ ನೀರಿಗೆ ಅದ್ದಿ ಮೂಡಿಸಿದ ಹಳೆಯ ಪದ್ಧತಿಯ ಕಪ್ಪು-ಬಿಳುಪು ಚಿತ್ರ ಅದು. ತಲೆಯ ಮೇಲೆ ಸೆರಗು, ಮೂಗಿನಲ್ಲಿ ನತ್ತು, ಹಣೆಯಲ್ಲಿ ಅಗಲವಾದ ಕುಂಕುಮ. ಇವೆಲ್ಲಕ್ಕೂ ಮಿಗಿಲಾಗಿ, ಹಾಲಿನ ಕೆನೆ ಕಟ್ಟಿದಂತಹ ಎರಡು ಕೆನ್ನೆಗಳು. ಈ ಚಿತ್ರವನ್ನು ತೆಗೆದ ಬಾಗಲಕೋಟೆಯ ಸ್ಟುಡಿಯೋ ಆ ಹೊತ್ತಿಗೆ ಮೀನುಗಳ ವಾಸಸ್ಥಾನವಾಗಿದ್ದರಿಂದ, ಅಂತಹ ಕೆನ್ನೆಯನ್ನು ಹೇಗೆ ಮಾಡಿದಿರಿ ಎಂದು ಕೇಳಲು ಯಾರೂ ಉಳಿದಿರಲಿಲ್ಲ.

ರತ್ನವ್ವನಿಗೆ ಶಿವಗಂಗವ್ವ ಅತ್ತೆ ಮಾತ್ರವಲ್ಲ, ತಂದೆಯ ಒಡಹುಟ್ಟಿದ ಅಕ್ಕ. ಆದ್ದರಿಂದ ಮೂಗು, ಹುಬ್ಬು, ಗದ್ದ, ಎಲ್ಲವೂ ಒಂದೇ ಅಚ್ಚಿನವು. ಆದರೆ ಪ್ರತಿವರ್ಷ ನಾಗರಪಂಚಮಿಗೆ ಚೊಳಚಗುಡ್ಡದಿಂದ ತವರಿಗೆ ಬರುತ್ತಿದ್ದ ನಾದಿನಿ ಮಾಯವ್ವ, ಕಾಲು ತೊಳೆದು ಒಳಗೆ ಬಂದವಳೇ ತಾಯಿಯ ಚಿತ್ರದ ಮುಂದೆ ನಿಂತು ಒಂದೇ ಸ್ತೋತ್ರವನ್ನು ಪಠಿಸುತ್ತಿದ್ದಳು.

"ನೋಡು ವೈನಿ, ನಮ್ಮವ್ವನ ಗಲ್ಲ! ಬೆಣ್ಣಿ! ನೊಣ ಕುಂತ್ರ ಜಾರಿ ಬೀಳಬೇಕು."

"ಆಕಿ ನಮ್ಮ ಸೋದರತ್ತಿ ಅಲ್ಲೇನವಾ? ಆ ಗಲ್ಲ ನಮ್ಮ ಮನೆತನದ್ದ," ಎಂದು ರತ್ನವ್ವ ಹೇಳುವಳು.

"ಮನೆತನದ್ದ ಖರೆ. ನಿನಗ ಬರೂದ್ರಾಗ ತೀರಿತ್ತು ಕಾಣ್ತೈತಿ," ಎಂದು ಮಾಯವ್ವ ನಗುವಳು.

ಮನುಷ್ಯರು ಬದುಕಿರುವ ಅತ್ತೆಯ ಜೊತೆ ಪೈಪೋಟಿ ಮಾಡಬಲ್ಲರು. ಗೋಡೆಯ ಮೇಲಿರುವ ಅತ್ತೆಯ ಜೊತೆ ಮಾಡುವುದು ಕಷ್ಟ, ಏಕೆಂದರೆ ಆಕೆಗೆ ವಯಸ್ಸಾಗುವುದಿಲ್ಲ. ಆ ವರ್ಷ ಶ್ರಾವಣ ಹತ್ತಿರವಾದಾಗ, ಅತ್ತೆ ಚಿತ್ರ ತೆಗೆಸಿಕೊಂಡ ವಯಸ್ಸಿಗೆ ತಾನೂ ಬಂದು ಮುಟ್ಟಿದೆನೆಂದು ಅರಿತ ರತ್ನವ್ವ ಒಂದು ಸಂಕಲ್ಪವನ್ನು ಮಾಡಿದಳು. ಮಾಯವ್ವ ಬರುವುದರೊಳಗೆ ಎದುರಿನ ಗೋಡೆಯ ಮೇಲೆ ತನ್ನ ಚಿತ್ರವಿರಬೇಕು. ಅಷ್ಟೇ ಅಳತೆ, ಅದೇ ಕಪ್ಪು-ಬಿಳುಪು, ಅದಕ್ಕಿಂತ ಒಂದು ಕೂದಲೆಳೆಯಷ್ಟಾದರೂ ಹೆಚ್ಚಿನ ನುಣುಪು.

"ಕಲರ್ ತಗಸಿಬಿಡು. ಈಗ ಯಾರು ಕರಿ ಬಿಳಿ ತಗಸ್ತಾರ?" ಎಂದು ಬಾಬಣ್ಣ ಹೇಳಿದನು.

"ಕಲರ್ ತಗಸಿದ್ರ ಅದು ಬಣ್ಣದ ಜೋರು ಅಂತಾಳ ನಿಮ್ಮ ತಂಗಿ. ಕರಿ ಬಿಳ್ಯಾಗ ಗೆದ್ರ ಗೆದ್ದಂಗ."

ಬಸ್ ನಿಲ್ದಾಣದ ಹತ್ತಿರ ಮಲೀಕಸಾಬನ ಫೋಟೊ ಅಂಗಡಿಯಿತ್ತು. ಅವನ ತಂದೆಯ ಕಾಲದಲ್ಲಿ ಅಲ್ಲಿಯೂ ಒಂದು ಕತ್ತಲೆಯ ಕೋಣೆಯಿತ್ತು; ಈಗ ಕಪ್ಪು-ಬಿಳುಪಿನ ಕಾಗದ ಪೇಟೆಯಲ್ಲಿ ಸಿಗದಾಗಿ, ಆ ಕೋಣೆಯಲ್ಲಿ ಅವನ ಹೆಂಡತಿ ದೌಲತಬಿ ಒಣಮೆಣಸಿನಕಾಯಿಯ ಚೀಲಗಳನ್ನು ಇಟ್ಟಿದ್ದಳು. ಅದರೊಳಗೆ ಇಣುಕಿದವರ ಕಣ್ಣಿನಲ್ಲಿ ಯಾವ ರಸಾಯನವೂ ಇಲ್ಲದೆ ನೀರು ಬರುತ್ತಿತ್ತು. ಕೋಣೆಯ ಬದಲಿಗೆ ಮಲೀಕಸಾಬನು ಕಂಪ್ಯೂಟರನ್ನೂ, ಮಸಿಯನ್ನು ಚಿಮ್ಮಿಸಿ ಅಚ್ಚು ಹಾಕುವ ಇಂಕ್‌ಜೆಟ್ ಪ್ರಿಂಟರನ್ನೂ ತಂದಿದ್ದನು. ಬಣ್ಣದ ರೀಲಿನಲ್ಲಿ ಚಿತ್ರ ತೆಗೆಯುವುದು, ಅದನ್ನು ಕಂಪ್ಯೂಟರಿಗೆ ಏರಿಸುವುದು, ಬಣ್ಣವನ್ನು ಕಳೆಯುವುದು, ಅಚ್ಚು ಹಾಕುವುದು. ಇಷ್ಟೇ ಕೆಲಸ ಎಂದು ಅವನು ಭಾವಿಸಿದ್ದನು. ಸೃಷ್ಟಿಗೆ ಮೊದಲು ವಿಧಾತನೂ ಹೀಗೆಯೇ ಭಾವಿಸಿದ್ದಿರಬೇಕು.

ರತ್ನವ್ವ ಅತ್ತೆಯ ಸೀರೆಯನ್ನೇ ಉಟ್ಟು, ಅತ್ತೆಯ ನತ್ತನ್ನೇ ಇಟ್ಟು, ಅತ್ತೆಯಂತೆಯೇ ಗದ್ದವನ್ನು ಎಡಕ್ಕೆ ತಿರುಗಿಸಿ ಕುಳಿತಳು.

"ಕಾಕಿ, ಸ್ವಲ್ಪ ನಗ್ರಿ," ಎಂದನು ಮಲೀಕಸಾಬ.

"ಅತ್ತಿ ನಕ್ಕಿಲ್ಲ, ನಾ ನಗಂಗಿಲ್ಲ."

ಅಚ್ಚು ಹಾಕುವ ದಿನ ದಂಪತಿಗಳಿಬ್ಬರೂ ಅಂಗಡಿಗೆ ಬಂದರು. ಯಂತ್ರವು ಯಾಗಕ್ಕೆ ಕುಳಿತ ಋತ್ವಿಜನಂತೆ ಮೊದಲು ಗಂಟಲನ್ನು ಸರಿಪಡಿಸಿಕೊಂಡಿತು. ಬಳಿಕ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡಿ ಒಂದು ದಪ್ಪ ಹಾಳೆಯನ್ನು ಹೊರಗೆ ಹಾಕಿತು. ಸೆರಗು ಚೆನ್ನಾಗಿ ಬಂದಿತ್ತು, ನತ್ತು ಚೆನ್ನಾಗಿ ಬಂದಿತ್ತು. ಮುಖ ಮಾತ್ರ ರವೆಯನ್ನು ಎರಚಿದಂತಿತ್ತು.

"ಏ ಮಲೀಕಾ, ನನ್ನ ಮುಖದ ಮ್ಯಾಲ ಕಸಕಸಿ ಚೆಲ್ಲೀಯೇನೋ?"

"ಇಲ್ರಿ ಕಾಕಿ. ಮಷೀನದಾಗ ಕರಿ ಮಸಿ ಐತಿ, ಬೂದಿ ಬಣ್ಣದ ಮಸಿ ಇಲ್ಲ. ಬೂದಿ ಬೇಕಂದ್ರ ಅದು ಕರಿ ಚುಕ್ಕಿ ದೂರ ದೂರ ಇಟ್ಟು, ನಡುವ ಬಿಳಿ ಹಾಳಿ ಹಂಗ ಬಿಡತೈತಿ. ದೂರದಿಂದ ನೋಡಿದ್ರ ಬೂದಿ ಕಾಣತೈತಿ."

ಬಾಬಣ್ಣನಿಗೆ ಕೂಡಲೇ ಅರ್ಥವಾಯಿತು. "ಅಂದ್ರ ಎಳಿ ಬಿಟ್ಟು ಬಿಟ್ಟು ನೇದಂಗ. ಜಾಳು ಬಟ್ಟಿ."

"ಹಾಂ, ಕಾಕಾ, ಬರೋಬ್ಬರಿ!"

"ಏನು ಬರೋಬ್ಬರಿ?" ಎಂದಳು ರತ್ನವ್ವ. "ಅತ್ತಿ ಗಲ್ಲ ರೇಷ್ಮಿ, ನನ್ನ ಗಲ್ಲ ಜಾಳು ಬಟ್ಟಿ. ಮಾಯವ್ವ ಇದನ್ನ ನೋಡಿದ್ರ ಊರ ತುಂಬ ಡಂಗುರ ಹೊಡಿಸ್ತಾಳ."

ಆದರೂ ಆಕೆ ಆ ಹಾಳೆಯನ್ನು ಬಿಸಾಡಲಿಲ್ಲ. ಪಂಚಮಿಯ ಉಂಡಿಗಳಿಗಾಗಿ ತೊಳೆದಿಟ್ಟಿದ್ದ ಡಬ್ಬಿಯ ಮುಚ್ಚಳ ಕಳೆದುಹೋಗಿತ್ತು, ಹಾಳೆ ದಪ್ಪವಾಗಿತ್ತು; ಮುಚ್ಚಳವಾದೀತೆಂದು ಅದನ್ನು ಸೆರಗಿನಲ್ಲಿ ಮುಚ್ಚಿ ಮನೆಗೆ ಒಯ್ದಳು.

ಮಲೀಕಸಾಬನು ಬಾಗಲಕೋಟೆಯಲ್ಲಿ ಮುಳುಗದೆ ಉಳಿದ ವಿದ್ಯಾಗಿರಿಗೆ ಹೋಗಿ ಹೊಳೆಯುವ ಫೋಟೊ ಕಾಗದವನ್ನು ತಂದನು. ಅಂತಹ ಕಾಗದಕ್ಕೆ ಒಂದು ಮಗ್ಗುಲಿಗೆ ಮಾತ್ರ ಮಸಿಯನ್ನು ಕುಡಿಯುವ ಲೇಪವಿರುತ್ತದೆ. ಯಾವ ಮಗ್ಗುಲು ಎಂಬುದನ್ನು ಕಾಗದವು ತಾನಾಗಿ ಹೇಳುವುದಿಲ್ಲ. ಅವನು ಬೆನ್ನಿನ ಮೇಲೆ ಅಚ್ಚು ಹಾಕಿದನು. ರತ್ನವ್ವ ಆತುರದಿಂದ ಹಾಳೆಯನ್ನು ಎತ್ತಿಕೊಂಡಾಗ ಹೆಬ್ಬೆರಳು ತಾಗಿ, ಬಲಗೆನ್ನೆಯು ಮೆಲ್ಲನೆ ಇಳಿದು ಕುತ್ತಿಗೆಯ ಕಡೆಗೆ ಪ್ರಯಾಣ ಬೆಳೆಸಿತು.

"ನನ್ನ ಗಲ್ಲ ಗದ್ದಕ್ಕ ಬಂತಲ್ಲೋ!"

"ಆದ್ರ ನುಣುಪಂತೂ ಆಗೈತಿ ನೋಡ್ರಿ," ಎಂದು ಮಲೀಕಸಾಬ ಧೈರ್ಯ ಹೇಳಿದನು. ಅಷ್ಟರಲ್ಲಿ ಮೂಗು ಕೂಡ ಹೊರಟಿತ್ತು.

ಕೊನೆಗೆ ಅವನು ಲೇಪವುಳ್ಳ ಮಗ್ಗುಲನ್ನು ಹಿಡಿದು, ಕಪ್ಪಿನ ಜೊತೆಗೆ ಯಂತ್ರದಲ್ಲಿದ್ದ ಉಳಿದ ಬಣ್ಣದ ಮಸಿಗಳನ್ನೂ ತೆಳುವಾಗಿ ಬೆರೆಸಿ ಬೂದಿಯನ್ನು ಮೂಡಿಸುವ ಉಪಾಯ ಮಾಡಿದನು. ಈ ಬಾರಿ ಹೊರಬಂದ ಹಾಳೆಯನ್ನು ರತ್ನವ್ವನ ಮುಂದೆ ಹಿಡಿದನು. ಒಂದು ಚುಕ್ಕಿಯಿಲ್ಲ, ಒಂದು ರವೆಯಿಲ್ಲ. ಕೆನ್ನೆಯು ಶಿಲ್ಪಿಯು ಉಜ್ಜಿ ಮುಗಿಸಿದ ಕಲ್ಲಿನಂತೆ ತಣ್ಣಗೆ ಹೊಳೆಯಿತು. ಅಂಗಡಿಯಲ್ಲಿ ನೊಣಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಒಂದು ಬಂದು ಚಿತ್ರದ ಮೇಲೆ ಕುಳಿತಿತು. ರತ್ನವ್ವ ಉಸಿರು ಹಿಡಿದು ನೋಡಿದಳು. ನೊಣವು ಜಾರಲಿಲ್ಲ, ಆದರೆ ಜಾರಬೇಕೋ ಬೇಡವೋ ಎಂಬ ಯೋಚನೆಯಲ್ಲಿದ್ದಂತೆ ಕಂಡಿತು.

"ಗೆದ್ದೆ!" ಎಂದು ಆಕೆ ಚಿತ್ರವನ್ನು ಎದೆಗೆ ಅಪ್ಪಿಕೊಂಡು ಬೀದಿಗೆ ಇಳಿದಳು.

ಬೀದಿಯಲ್ಲಿ ಬಿಸಿಲಿತ್ತು. ಎದುರಿಗೆ ಬಂದ ನೆರೆಮನೆಯ ಹೆಂಗಸು ಚಿತ್ರವನ್ನು ನೋಡಿ ಕಳವಳದಿಂದ ಕೇಳಿದಳು: "ಏನವಾ ರತ್ನವ್ವಾ, ಮೈಯಾಗ ಆರಾಮಿಲ್ಲೇನ? ದವಾಖಾನಿಗೆ ತೋರ್ಸಿದಿ?"

ರತ್ನವ್ವ ಚಿತ್ರವನ್ನು ತಿರುಗಿಸಿ ನೋಡಿದಳು. ಮುಖ ಹಾಗಲಕಾಯಿಯಂತೆ ಹಸುರಾಗಿತ್ತು.

ಮರಳಿ ಅಂಗಡಿಯೊಳಗೆ ಓಡಿದಳು. ಟ್ಯೂಬ್‌ಲೈಟಿನ ಕೆಳಗೆ ಬೂದಿ. ಹೊರಗೆ ಬಂದಳು, ಹಸುರು. ಒಳಗೆ, ಬೂದಿ. ಬೆರೆಸಿದ ಮಸಿಗಳು ಬೆಳಕು ಬದಲಾದಂತೆ ತಮ್ಮ ಬಣ್ಣವನ್ನೂ ಬದಲಿಸುತ್ತಿದ್ದವು. ಸ್ಫಟಿಕದ ಪಕ್ಕದಲ್ಲಿ ದಾಸವಾಳವನ್ನು ಇಟ್ಟರೆ ಸ್ಫಟಿಕವೇ ಕೆಂಪಾಗಿ ಕಾಣುವುದನ್ನು ಹಿಂದಿನವರು ಉದಾಹರಣೆಯಾಗಿ ಕೊಟ್ಟು, ಆತ್ಮಕ್ಕೆ ಬಣ್ಣವಿಲ್ಲ, ಬಣ್ಣವು ನೆರೆಹೊರೆಯದು ಎಂದು ಬೋಧಿಸಿದ್ದಾರೆ. ರತ್ನವ್ವ ಅಂದು ಅಂಗಡಿಯ ಹೊಸ್ತಿಲನ್ನು ದಾಟುತ್ತ ಹಿಂದೆ ಮುಂದೆ ಓಡಿದಷ್ಟು ಬಾರಿ ಯಾವ ವೇದಾಂತಿಯೂ ಈ ತತ್ತ್ವವನ್ನು ಪರೀಕ್ಷಿಸಿರಲಾರನು. ಮಲೀಕಸಾಬನು ಕಂಪ್ಯೂಟರಿನಲ್ಲಿ ಹಸುರನ್ನು ತಗ್ಗಿಸಿ ಮತ್ತೊಂದು ಹಾಳೆಯನ್ನು ತೆಗೆದನು. ಅದು ಬಿಸಿಲಿನಲ್ಲಿ ಸೊಗಸಾದ ಬೂದಿ. ಟ್ಯೂಬ್‌ಲೈಟಿನ ಕೆಳಗೆ ಮಾಗಿದ ನೇರಳೆಹಣ್ಣು.

"ಕಾಕಿ, ನಿಮ್ಮ ಪಡಸಾಲ್ಯಾಗ ಟ್ಯೂಬಲೈಟ್ ಐತಲ್ರಿ. ಮೊದಲಿಂದು ಒಯ್ರಿ. ಬಿಸಲಿಗೆ ಮಾತ್ರ ತೋರಿಸಬ್ಯಾಡ್ರಿ."

"ಹಪ್ಪಳ ಅಲ್ಲ ತಗೋ ಬಿಸಲಿಗೆ ಇಡಾಕ," ಎಂದು ರತ್ನವ್ವ ಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ, ಹೊಸ ಸೊಸೆಯನ್ನು ದೃಷ್ಟಿ ತಾಗದಂತೆ ಕರೆದೊಯ್ಯುವ ಹಾಗೆ ಮನೆಗೆ ಕರೆದೊಯ್ದಳು.

ಅಲ್ಲಿ ಇನ್ನೊಂದು ವಿಘ್ನ ಕಾದಿತ್ತು. ಬಾಬಣ್ಣನ ಬಳಿ ಬಟ್ಟೆಯ ಎಳೆಗಳನ್ನು ಎಣಿಸುವ ಹಿತ್ತಾಳೆಯ ಚೌಕಟ್ಟಿನ ಪುಟ್ಟ ಮಸೂರವಿತ್ತು. ಮನೆಯೊಳಗೆ ಬಂದ ಯಾವ ವಸ್ತುವೂ ಅದರ ಕೆಳಗೆ ಮಲಗದೆ ಪಾರಾಗುತ್ತಿರಲಿಲ್ಲ. ಅಭ್ಯಾಸಬಲದಿಂದ ಅವನು ಅದನ್ನು ಹೆಂಡತಿಯ ಕೆನ್ನೆಯ ಮೇಲಿಟ್ಟು ಕಣ್ಣನ್ನು ಹಚ್ಚಿದನು. ಮರುಕ್ಷಣ ಬೆಚ್ಚಿ ಎದ್ದನು. ಕಪ್ಪು-ಬಿಳುಪಿನ ಕೆನ್ನೆಯ ತುಂಬ ಗುಲಾಬಿ ಚುಕ್ಕಿ, ನೀಲಿ ಚುಕ್ಕಿ, ಹಳದಿ ಚುಕ್ಕಿ, ಸಂತೆಯಲ್ಲಿ ಜನ ಸೇರಿದಂತೆ ಸೇರಿದ್ದವು.

ನೂಲಿನಲ್ಲಿ ಬೆರಕೆ ಮಾಡುವವನಿಗೆ ಆ ಮನೆಯಲ್ಲಿ ಕುಡಿಯುವ ನೀರು ಕೂಡ ಸಿಗುತ್ತಿರಲಿಲ್ಲ. ಬಾಬಣ್ಣನು ಮಲೀಕಸಾಬನನ್ನು ಮನೆಗೇ ಕರೆಸಿದನು.

"ಲೇ ಮಲೀಕಾ, ಶುದ್ಧ ಕರಿ ಬಿಳಿ ಕೇಳಿದ್ರ ಬೆರಕಿ ಮಾಲ ಕೊಡ್ತೀಯಾ? ನನಗ? ಬಾಬಣ್ಣಗ?"

"ಕಾಕಾ, ನುಣುಪ ಬೇಕಂದ್ರ ಬೆರಸಬೇಕ್ರಿ. ಬೆರಸಬ್ಯಾಡ ಅಂದ್ರ ಕಸಕಸಿ ಬರತಾವ. ಎರಡೂ ಹೆಂಗ ಆಗತೈತಿ?"

"ಯಾಕ ಆಗಂಗಿಲ್ಲ? ನಮ್ಮವ್ವಂದು ನೋಡು! ಅದು ಬೆಳ್ಳಿ. ಶುದ್ಧ. ನುಣುಪ."

"ಹಂಗಾರ ಅದಕ್ಕೂ ಇಡ್ರಿ ಆ ಗಾಜ," ಎಂದು ಮಲೀಕಸಾಬನು ಸಿಟ್ಟಿನಿಂದ ಹೇಳಿದನು.

"ಇಡ್ತೇನಿ!"

ಶಿವಗಂಗವ್ವನನ್ನು ಗೋಡೆಯಿಂದ ಇಳಿಸಿದರು. ಧೂಳನ್ನು ಒರೆಸಿ ಚೌಕಟ್ಟಿನಿಂದ ಹೊರಗೆ ತೆಗೆದರು. ಬಾಬಣ್ಣನು ತಾಯಿಯ ಪಾದವನ್ನು ಮುಟ್ಟುವವನಂತೆ ಚಿತ್ರದ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮಸೂರವನ್ನು ಕೆನ್ನೆಯ ಮೇಲಿಟ್ಟನು. ಬಹಳ ಹೊತ್ತು ಮೇಲೇಳಲಿಲ್ಲ.

"ಬಣ್ಣ ಐತೇನ್ರಿ?" ಎಂದು ರತ್ನವ್ವ ಕೇಳಿದಳು.

"ಇಲ್ಲ."

"ಮತ್ತೇನೈತಿ?"

"ರಫೂ ಐತಿ."

ಒಬ್ಬರಾದ ಮೇಲೊಬ್ಬರು ಇಣುಕಿದರು. ಬಾಬಣ್ಣನ ಮಾತು ನಿಜ. ಹರಿದ ಸೀರೆಯನ್ನು ಕುಶಲರು ಎಳೆಗೆ ಎಳೆ ಕೂಡಿಸಿ ಕಾಣದಂತೆ ರಫೂ ಮಾಡುವ ಹಾಗೆ, ಯಾರೋ ಮೊನಚಾದ ಪೆನ್ಸಿಲ್ಲಿನಿಂದ ಕೂದಲಿಗಿಂತ ಸಣ್ಣ ಗೀರುಗಳನ್ನು ಎಳೆದು ಎರಡೂ ಕೆನ್ನೆಗಳನ್ನು ತುಂಬಿದ್ದರು. ಹಳೆಯ ಸ್ಟುಡಿಯೋದವರು ಹೀಗೆ ಮುಖವನ್ನು ತಿದ್ದುತ್ತಿದ್ದರೆಂದೂ, ತನ್ನ ತಂದೆಗೆ ಅದು ಬರುತ್ತಿರಲಿಲ್ಲವೆಂದೂ, ಆದ್ದರಿಂದಲೇ ಅವನ ಬಳಿ ಮದುಮಕ್ಕಳು ಬರುತ್ತಿರಲಿಲ್ಲವೆಂದೂ ಮಲೀಕಸಾಬನು ತಿಳಿಸಿದನು.

"ಅವ್ವಗ ಮೈಲಿ ಬ್ಯಾನಿ ಬಂದಿತ್ತು," ಎಂದು ಬಾಬಣ್ಣ ಮೆಲ್ಲನೆ ಹೇಳಿದನು. "ನಾವು ಹುಟ್ಟೂದಕ್ಕಿಂತ ಮೊದಲ. ಮುಖದ ತುಂಬ ಕುಣಿ ಇದ್ದುವು."

ರತ್ನವ್ವ ನೆಲದ ಮೇಲೆ ಕುಳಿತುಬಿಟ್ಟಳು. ಅತ್ತೆಯ ತಲೆಗೆ ಎಣ್ಣೆ ಹಚ್ಚಿದವಳು ಅವಳು. ಸಣ್ಣ ಹನಿಮಳೆ ಬಿದ್ದ ಹುಡಿಮಣ್ಣಿನಂತಿದ್ದ ಆ ಮುಖವನ್ನು ದಿನವೂ ಕಂಡವಳು. ಆದರೆ ಗೋಡೆಯ ಮೇಲಿನ ಚಿತ್ರವು ಎಷ್ಟು ಶ್ರದ್ಧೆಯಿಂದ, ಎಷ್ಟು ಕಾಲ, ಒಂದೇ ಸಮನೆ ಬೆಣ್ಣೆ ಬೆಣ್ಣೆ ಎಂದು ಹೇಳುತ್ತ ಬಂದಿತ್ತೆಂದರೆ, ಕಣ್ಣು ಕಂಡದ್ದನ್ನು ಮನಸ್ಸು ಬಿಟ್ಟುಕೊಟ್ಟಿತ್ತು. ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಬಗೆಯುವುದನ್ನು ಶಾಸ್ತ್ರವು ಭ್ರಮೆಯೆಂದು ಕರೆಯುತ್ತದೆ. ಇಲ್ಲಿ ಬೆಳ್ಳಿಯೇ ಇತ್ತು, ಭ್ರಮೆಯೂ ಇತ್ತು.

ಈ ಗಂಭೀರ ಸ್ಥಿತಿ ಬಹುಕಾಲ ನಿಲ್ಲಲಿಲ್ಲ. ರತ್ನವ್ವನ ಮುಖ ಬೆಳಗತೊಡಗಿತು.

"ಬರ್ಲಿ ಈಗ ನಿಮ್ಮ ತಂಗಿ!"

"ಏ, ಬ್ಯಾಡ," ಎಂದನು ಬಾಬಣ್ಣ. "ಆಕಿಗೆ ಹೇಳಬ್ಯಾಡ. ಅವ್ವ ಅಂದ್ರ ಆಕಿಗೆ ಆ ಗಲ್ಲಾನ. ಅದನ್ನ ಕಸಕೊಂಡ್ರ ಆಕಿ ಹಬ್ಬ ಬಿಟ್ಟು ಹೋಗ್ತಾಳ."

"ವರ್ಷಾ ಅಂತಾಳಲ್ರಿ ನನಗ!"

"ಅನ್ಲಿ. ಆಣಿ ಮಾಡು."

ಹತ್ತಿರದಲ್ಲಿ ದೇವರ ಪಟವಿರಲಿಲ್ಲ, ಉಂಡಿಯ ಡಬ್ಬಿಯಿತ್ತು. ರತ್ನವ್ವ ಅದರ ಮೇಲೆ ಕೈಯಿಟ್ಟು, ಅಂದರೆ ಅದನ್ನು ಮುಚ್ಚಿದ್ದ ತನ್ನದೇ ರವೆಮುಖದ ಮೇಲೆ ಕೈಯಿಟ್ಟು, ಮಾಯವ್ವನಿಗೆ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದಳು. ಗೆಲುವು ಅಂಗೈಯಲ್ಲಿ ಇದ್ದೂ ಬಾಯಿಗೆ ಬಾರದಂತಾಯಿತು.

ನಾಗರಪಂಚಮಿಯ ಹಿಂದಿನ ದಿನ, ರೊಟ್ಟಿಪಂಚಮಿಯಂದು, ಮಾಯವ್ವ ಬಂದಳು. ರತ್ನವ್ವ ಬೆಳಕಿಂಡಿಗೆ ಗೋಣಿಚೀಲವನ್ನು ತುರುಕಿ, ಕಿಟಕಿಗಳನ್ನು ಮುಚ್ಚಿ, ಟ್ಯೂಬ್‌ಲೈಟನ್ನು ಹೊತ್ತಿಸಿದ್ದಳು.

"ನಡು ಮಧ್ಯಾಹ್ನ ಲೈಟ್ ಯಾಕ ಹಚ್ಚೀದಿ ವೈನಿ?"

"ಹಬ್ಬ ಅಲ್ಲೇನವಾ."

ಮಾಯವ್ವ ತಾಯಿಯ ಚಿತ್ರವನ್ನು ನೋಡಿದಳು. ಹಿಂದಿರುಗಿ ಎದುರಿನ ಗೋಡೆಯನ್ನು ನೋಡಿದಳು. ಮತ್ತೆ ತಾಯಿಯನ್ನು ನೋಡಿದಳು. ರತ್ನವ್ವ ಕೈಯಲ್ಲಿದ್ದ ತಾಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ಚಲೋ ಬಂದೈತಿ," ಎಂದಳು ಮಾಯವ್ವ. "ನುಣುಪ ಐತಿ."

ರತ್ನವ್ವನ ಎದೆ ಹಗುರವಾಯಿತು.

"ಆದ್ರ ಅವ್ವಂದು ಹುಟ್ಟಾ ಬಂದ ನುಣುಪ. ನಿಂದು ಮಷೀನಿಂದು."

ಬಾಬಣ್ಣ ಜೋರಾಗಿ ಕೆಮ್ಮಿದನು. ರತ್ನವ್ವ ತೆರೆದ ಬಾಯಿಗೆ ತಾಟಿನಲ್ಲಿದ್ದ ಶೇಂಗಾ ಉಂಡಿಯನ್ನು ಇಡಿಯಾಗಿ ತುಂಬಿಕೊಂಡಳು. ಮಾಯವ್ವ ಮತ್ತೊಮ್ಮೆ ಬೆಣ್ಣೆಯೆಂದಾಗ ಎಳ್ಳುಂಡಿಯನ್ನು ತುಂಬಿಕೊಂಡಳು. ಸಂಜೆಯ ಹೊತ್ತಿಗೆ ಪ್ರಮಾಣವು ಉಳಿದಿತ್ತು, ತಾಟು ಬರಿದಾಗಿತ್ತು, ರತ್ನವ್ವನಿಗೆ ಕುಳಿತಲ್ಲಿಂದ ಏಳಲು ಆಗುತ್ತಿರಲಿಲ್ಲ.

"ವೈನಿಗೆ ಏನಾಗೈತಣ್ಣಾ? ಮಾತಿಲ್ಲ, ಕತಿ ಇಲ್ಲ, ಬರೇ ತಿನ್ನಾಕತ್ಯಾಳ."

"ಹಬ್ಬ ಅಲ್ಲೇನವಾ," ಎಂದನು ಬಾಬಣ್ಣ.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ, ಆ ವರ್ಷಗಳಲ್ಲಿ ಅದು ಎಂದೂ ಮರೆಯದ ಕರ್ತವ್ಯವೆಂಬಂತೆ, ಕರೆಂಟು ಹೋಯಿತು. ಬಾಬಣ್ಣ ಕಂದೀಲನ್ನು ಹೊತ್ತಿಸಿ ತಂದು ಪಡಸಾಲೆಯ ನಡುವೆ ಇಟ್ಟನು. ಅದರ ಹಳದಿ ಬೆಳಕು ಎರಡೂ ಗೋಡೆಗಳ ಮೇಲೆ ಬಿದ್ದಿತು. ಶಿವಗಂಗವ್ವ ಇದ್ದಂತೆಯೇ ಇದ್ದಳು. ರತ್ನವ್ವನ ಬಣ್ಣಗಳ ಬೆರಕೆ ಮಾತ್ರ ಆ ಬೆಳಕನ್ನು ಕಂಡು ಗುಟ್ಟನ್ನು ಬಿಟ್ಟುಕೊಟ್ಟಿತು. ಕೆನ್ನೆಗಳ ಮೇಲೆ ಕೆಂಪು ಮೆಲ್ಲನೆ ಏರಿತು.

"ಅಯ್ಯ! ವೈನಿ ಫೋಟೊ ನಾಚೈತಿ!" ಮಾಯವ್ವ ಚಪ್ಪಾಳೆ ತಟ್ಟಿದಳು. "ಅಣ್ಣಾ, ಏನಂದಿ ಆಕಿಗೆ?"

"ನಾ ಏನೂ ಅಂದಿಲ್ಲ!"

"ಅವರು ಏನರೆ ಅಂದಿದ್ರ ನಾನ ನಾಚ್ತಿದ್ದೆ," ಎಂದಳು ರತ್ನವ್ವ. "ಫೋಟೊ ಯಾಕ ನಾಚಬೇಕಿತ್ತು?"

ಮಾಯವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. "ನೋಡು, ನಮ್ಮವ್ವನ ಮುಖ ಬಣ್ಣ ಬದಲ್ಸಿಲ್ಲ. ಅದಕ್ಕ ಅನ್ನೂದು, ಹುಟ್ಟಾ ಬೆಣ್ಣಿ ಗಲ್ಲ ಅಂದ್ರ..."

"ಮಾಯವ್ವಾ, ಆ ಬೆಣ್ಣಿ..." ಎಂದು ರತ್ನವ್ವ ಆರಂಭಿಸಿದಳು. ತಾಟಿನ ಕಡೆಗೆ ಕೈ ಚಾಚಿದಳು. ತಾಟಿನಲ್ಲಿ ಏನೂ ಇರಲಿಲ್ಲ.

"ಉಂಡಿ!" ಎಂದು ಬಾಬಣ್ಣ ಕೂಗಿದನು. "ಆಕಿಗೆ ಉಂಡಿ ಕೊಡು ಮಾಯವ್ವಾ, ಲಗೂನ!"

ಡಬ್ಬಿ ಮಾಯವ್ವನ ಕೈಗೆ ಹತ್ತಿರವಿತ್ತು. ಅವಳು ಬಗ್ಗಿ ಮೇಲಿನ ಹಾಳೆಯನ್ನು ತೆಗೆದಳು. ಅದರಲ್ಲಿ ಕಪ್ಪು ಮಸಿಯ ಹೊರತು ಬೇರೆ ಬಣ್ಣವಿಲ್ಲದ್ದರಿಂದ ಕಂದೀಲಿನ ಬೆಳಕಿಗೆ ಅದು ಕೆಂಪಾಗಲಿಲ್ಲ, ಹಸುರಾಗಲಿಲ್ಲ. ತಲೆಯ ಮೇಲೆ ಅದೇ ಸೆರಗು, ಮೂಗಿನಲ್ಲಿ ಅದೇ ನತ್ತು, ಎಡಕ್ಕೆ ತಿರುಗಿದ ಅದೇ ಗದ್ದ, ಮುಖದ ತುಂಬ ಸಣ್ಣ ಸಣ್ಣ ಚುಕ್ಕಿ. ಮಾಯವ್ವನ ನಗು ನಿಂತಿತು. ಕಂದೀಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅವ್ವಾ," ಎಂದಳು.

ಬಾಬಣ್ಣನೂ ಬಗ್ಗಿ ಹಾಳೆಯನ್ನು ನೋಡಿದನು.

"ಅಣ್ಣಾ, ಇದನ್ನ ಎಲ್ಲಿ ಮುಚ್ಚಿಟ್ಟಿದ್ದಿ? ಇದು ನಮ್ಮವ್ವ." ಅವಳು ಚಿತ್ರದ ಕೆನ್ನೆಯ ಮೇಲೆ ಬೆರಳನ್ನು ಆಡಿಸಿದಳು. "ಮಲಗೂಮುಂದ ಈ ಕುಣಿ ಮ್ಯಾಲ ಬಳ್ಳಾಡಿಸ್ತಿದ್ದೆ. ಆಡಿಸ್ತ ಆಡಿಸ್ತ ನಿದ್ದಿ ಹತ್ತುತ್ತಿತ್ತು. ಆ ಗ್ವಾಡಿ ಮ್ಯಾಲಿಂದು ನೋಡಿ ನೋಡಿ ಬೆಣ್ಣಿ ಬೆಣ್ಣಿ ಅನಕೋತ ಖರೇ ಮುಖ ಮರತಬಿಟ್ಟಿದ್ದೆ ನೋಡು. ಎಂಥಾಕಿ ನಾ!"

ಅವಳ ಕಣ್ಣಿನಿಂದ ನೀರು ಇಳಿಯಿತು. ರತ್ನವ್ವ ಧರ್ಮಸಂಕಟಕ್ಕೆ ಸಿಲುಕಿದಳು. ಅತ್ತೆಗಿಂತ ಮಿಗಿಲಾದ ನುಣುಪಿಗಾಗಿ ಇಷ್ಟು ದಿನ ಓಡಾಡಿದವಳನ್ನು, ಅತ್ತೆಯ ಸಿಡುಬಿನ ಮುಖವೆಂದು ಗುರುತಿಸಲಾಗಿತ್ತು. ಸುಮ್ಮನಿದ್ದರೆ ಸುಳ್ಳು, ಮಾತನಾಡಿದರೆ ಸೋಲು. ಹಬ್ಬದ ದಿನ ಸುಳ್ಳು ಬೇಡವೆಂದು, ಒಣಗಿದ ಬಾಯನ್ನು ತೆರೆದು ಅವಳು ಸತ್ಯವನ್ನೇ ಹೇಳಿದಳು.

"ಮಾಯವ್ವಾ... ಅದು ನಾನವಾ."

ಮಾಯವ್ವ ತಲೆಯೆತ್ತಿ ಅವಳನ್ನು ನೋಡಿದಳು, ಮತ್ತೆ ಚಿತ್ರವನ್ನು ನೋಡಿದಳು.

"ಸುಮ್ನಿರು ವೈನಿ. ನಮ್ಮವ್ವನ ಗುರ್ತ ನನಗ ಸಿಗಂಗಿಲ್ಲೇನ? ಎಲ್ಲಾದ್ರಾಗೂ ಪಾಲ ಬೇಕ ನಿನಗ!"

"ಖರೇ ಹೇಳ್ತೇನವಾ, ಮಲೀಕಸಾಬ ಮೊನ್ನೆ ತಗದಾನ. ಕೇಳು ನಿಮ್ಮಣ್ಣಗ!"

ಬಾಬಣ್ಣ ಹೆಂಡತಿಯನ್ನು ನೋಡಿದನು, ಅಳುತ್ತಿದ್ದ ತಂಗಿಯನ್ನು ನೋಡಿದನು, ಬಳಿಕ ಡಬ್ಬಿಯಿಂದ ಒಂದು ಉಂಡಿಯನ್ನು ಎತ್ತಿ ತನ್ನ ಬಾಯಿಗೇ ಇಡಿಯಾಗಿ ತುಂಬಿಕೊಂಡನು.

ಹಬ್ಬ ಮುಗಿಸಿ ಹೊರಟಾಗ ಮಾಯವ್ವ ಆ ಚಿತ್ರವನ್ನು ಹೊಸ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಚೊಳಚಗುಡ್ಡಕ್ಕೆ ಒಯ್ದಳು. ಡಬ್ಬಿಯ ಬಾಯಿಗೆ ತಾಟನ್ನು ಮುಚ್ಚಬೇಕಾಯಿತು. ಅವಳು ಹೋದ ಮೇಲೆ ರತ್ನವ್ವ ಪಡಸಾಲೆಯಲ್ಲಿ ಒಬ್ಬಳೇ ನಿಂತು ಎರಡು ಗೋಡೆಗಳನ್ನೂ ನೋಡಿದಳು. ಪೆನ್ಸಿಲ್ಲಿನ ನುಣುಪು ಒಂದು ಕಡೆ, ಬೆರಕೆಯ ನುಣುಪು ಇನ್ನೊಂದು ಕಡೆ. "ಅತ್ತಿ, ನಿಮಗೂ ಆಶಾ ಇತ್ತಲ್ಲ," ಎಂದಳು, "ಚಲೋ ಮಾಡಿದ್ರಿ." ಬಳಿಕ ಗೋಣಿಚೀಲವನ್ನು ಬೆಳಕಿಂಡಿಯಿಂದ ಎಳೆದುಹಾಕಿದಳು. ಅಂದಿನಿಂದ ಆಕೆಯ ಚಿತ್ರವು ಹಗಲಿನಲ್ಲಿ ಹಾಗಲಕಾಯಿ, ಟ್ಯೂಬ್‌ಲೈಟಿನಲ್ಲಿ ಕಲ್ಲಿನ ಬೊಂಬೆ, ಕರೆಂಟು ಹೋದಾಗ ಮದುಮಗಳು. ಯಾರೂ ಅದನ್ನು ಹೆಚ್ಚಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಶ್ರಾವಣ ಕಳೆದ ಮೇಲೆ ದಂಪತಿಗಳು ಬನಶಂಕರಿಯ ದರ್ಶನಕ್ಕೆಂದು ಹುನಗುಂದದ ಮಾರ್ಗವಾಗಿ ಬಾದಾಮಿಗೆ ಬಂದು, ತಾಯಿಗೆ ಹಣ್ಣುಕಾಯಿ ಮಾಡಿಸಿ, ಅಲ್ಲಿಯೇ ಚೊಳಚಗುಡ್ಡದಲ್ಲಿದ್ದ ಮಾಯವ್ವನ ಮನೆಗೆ ಹೋದರು. ಬಾಗಿಲಿಗೆ ಎದುರಾಗಿ, ಒಳ್ಳೆಯ ಚೌಕಟ್ಟಿನಲ್ಲಿ, ರತ್ನವ್ವ ಕುಳಿತಿದ್ದಳು. ಕೊರಳಿಗೆ ಹೂವಿನ ಹಾರ. ಗಾಜಿನ ಮೇಲೆ ಕುಂಕುಮ. ಮುಂದೆ ಊದುಬತ್ತಿ.

"ಬದುಕಿದ್ದಾಕಿಗಿ ಹಾರ ಹಾಕ್ಯಾಳಲ್ಲ ಇಕಿ!" ಎಂದು ಬಾಬಣ್ಣ ಹೆಂಡತಿಯ ಕಿವಿಯಲ್ಲಿ ಗಾಬರಿಯಿಂದ ಹೇಳಿದನು. "ತಗಿಸ್ತೇನಿ ತಡಿ."

"ಸುಮ್ನಿರ್ರಿ," ಎಂದಳು ರತ್ನವ್ವ. "ಇಷ್ಟ ವರ್ಷ ಆಕಿ ಅವ್ವಗ ನಾ ಕೈ ಮುಗದೀನಿ."

ಅಷ್ಟರಲ್ಲಿ ಮಾಯವ್ವ ಸ್ನಾನ ಮುಗಿಸಿ ಬಂದು, ಅವರನ್ನು ಮಾತನಾಡಿಸುವ ಮೊದಲೇ, ದಿನದ ಪದ್ಧತಿಯಂತೆ ಚಿತ್ರದ ಮುಂದೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಹಚ್ಚಿದಳು. ಚಿತ್ರದ ಪಕ್ಕದಲ್ಲಿಯೇ ನಿಂತಿದ್ದ ರತ್ನವ್ವನ ಬಲಗೈ, ಅವಳನ್ನು ಕೇಳದೆಯೇ, ತಾನಾಗಿ ಮೇಲೆದ್ದಿತು.

"ನೂರು ವರ್ಷ ಬಾಳು," ಎಂದಳು.

"ಏನಂದಿ ವೈನಿ?" ಎಂದು ಮಾಯವ್ವ ತಲೆಯೆತ್ತಿದಳು.

"ನಾ ಏನೂ ಅಂದಿಲ್ಲವಾ. ನಿಮ್ಮವ್ವ ಅಂದ್ಲು."

ಈ ಕಥೆಯನ್ನು ಕೇಳಿದವರ, ಓದಿದವರ, ಓದುತ್ತ ನಿದ್ದೆ ಹೋದವರ ಮನೆಗಳನ್ನೂ ಬನಶಂಕರಿ ಕಾಯಲಿ. ಅವರ ಹಿರಿಯರ ಮುಖಗಳು ರಫೂ ಇಲ್ಲದೆಯೂ ಅವರ ನೆನಪಿನಲ್ಲಿ ಉಳಿಯಲಿ. ಅವರ ಕೆನ್ನೆ ನುಣುಪಾಗಿರಲಿ, ಅಲ್ಲದಿದ್ದರೆ ಆ ಕೆನ್ನೆಯನ್ನು ಮುಟ್ಟಿ ನಿದ್ದೆ ಹೋಗುವವರು ಇರಲಿ. ಯಾವ ಬೆಳಕು ಬಿದ್ದರೂ ಅವರ ಮನಸ್ಸಿನ ಬಣ್ಣ ಕೆಡದಿರಲಿ. ಹಬ್ಬದ ದಿನ ಅವರ ಡಬ್ಬಿಯಲ್ಲಿ ಉಂಡಿಗಳು ತುಂಬಿರಲಿ. ಎಲ್ಲರಿಗೂ ಮಂಗಳವಾಗಲಿ.